ಹಾಡು ನಮ್ಮದು, ಬೀಗದ ಕೈ ಯಾರದು?

1902ರ ನವೆಂಬರ್ ತಿಂಗಳು. ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ದೊಡ್ಡದೊಂದು ಕೊಂಬಿನ ಬಾಯಿಗೆ ಮುಖವೊಡ್ಡಿ ಹಾಡಿದರು. ಹಾಡು ಮುಗಿಯುತ್ತಿದ್ದಂತೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಜಂಬಕ್ಕಲ್ಲ. ಧ್ವನಿಮುದ್ರಿಕೆಯ ತಟ್ಟೆಗಳನ್ನು ಒತ್ತುವ ಕೆಲಸ ಆಗ ನಡೆಯುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾವ ಹಾಡು ಯಾರದೆಂದು ಅಲ್ಲಿಯ ಕೆಲಸಗಾರರಿಗೆ ಗೊತ್ತಾಗಬೇಕಲ್ಲ! ಗ್ರಾಮಫೋನ್ ತಟ್ಟೆಗಾಗಿ ಹಾಡಿದ ಮೊಟ್ಟಮೊದಲ ಭಾರತೀಯ ಕಲಾವಿದರಲ್ಲಿ ಒಬ್ಬರಾದ ಈಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ತಟ್ಟೆಗಳು ಮಾತ್ರ ಇಂದಿಗೂ ಸಂಗ್ರಾಹಕರ ಬಳಿ ಇವೆ, ಹಾಡುತ್ತಲೂ ಇವೆ.

ಆ ತಟ್ಟೆಯ ಗುಟ್ಟು ಬಹಳ ಸರಳ. ದನಿ ಎಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ಆ ಏರಿಳಿತಕ್ಕೆ ತಕ್ಕಂತೆ ಅಲುಗುವ ಮುಳ್ಳೊಂದು ಮೇಣದ ಮೇಲೆ ಅಂಕುಡೊಂಕಾದ ಗೀರು ಎಳೆಯುತ್ತದೆ. ಅದರಿಂದ ಅಚ್ಚು ತೆಗೆದು ಅರಗಿನ ತಟ್ಟೆಯ ಮೇಲೆ ಒತ್ತುತ್ತಾರೆ. ಆ ಗೀರಿನಲ್ಲಿ ಮತ್ತೆ ಮುಳ್ಳು ಓಡಿಸಿದರೆ ಅದೇ ಅಲುಗಾಟ, ಅದೇ ದನಿ. ದಪ್ಪ ಕಾಗದವನ್ನು ಶಂಕುವಿನಂತೆ ಸುತ್ತಿ, ತುದಿಗೆ ಹೊಲಿಗೆ ಸೂಜಿ ಸಿಕ್ಕಿಸಿ, ತಿರುಗುವ ತಟ್ಟೆಯ ಮೇಲೆ ಮೆಲ್ಲಗೆ ಹಿಡಿದರೂ ಸಾಕು, ಹಾಡು ಕೇಳಿಸುತ್ತದೆ. (ಅಜ್ಜನ ಕಾಲದ ತಟ್ಟೆಯ ಮೇಲೆ ಈ ಪ್ರಯೋಗ ಬೇಡ, ಗೀರು ಹಾಳಾದೀತು!) ವಿದ್ಯುತ್ತೂ ಬೇಡ, ಯಾವ ಕಂಪೆನಿಯ ಅನುಮತಿಯೂ ಬೇಡ.

ಇದರ ಪಕ್ಕಕ್ಕೆ ಇಂದಿನ ಸಂಗತಿಯೊಂದನ್ನು ಇಟ್ಟು ನೋಡಿ. ಮೊಬೈಲಿನ ಹಾಡಿನ ಆ್ಯಪ್‌ಗೆ ತಿಂಗಳ ಹಣ ಕಟ್ಟಿ ನೂರಾರು ಹಾಡುಗಳನ್ನು ‘ಡೌನ್‌ಲೋಡ್’ ಮಾಡಿಕೊಂಡಿರುತ್ತೀರಿ. ಮುಂದಿನ ತಿಂಗಳು ಹಣ ಕಟ್ಟಲಿಲ್ಲವೆನ್ನಿ. ಡೌನ್‌ಲೋಡ್ ಮಾಡಿಕೊಂಡ ಆ ಹಾಡುಗಳು ಬಾಯಿ ಬಿಡುವುದಿಲ್ಲ. ತರಗತಿಯಲ್ಲಿ ಈ ಮಾತೆತ್ತಿದರೆ ಹುಡುಗರು, ‘ಸಾರ್, ಅದಕ್ಕೆ ಲಾಕ್ ಬಿದ್ದಿರುತ್ತೆ ಸಾರ್’ ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ನೂರಿಪ್ಪತ್ತು ವರ್ಷ ದಾಟಿದ ತಟ್ಟೆ ಹಾಡುತ್ತದೆ, ಹೋದ ತಿಂಗಳು ತುಂಬಿಕೊಂಡ ಹಾಡು ಹಾಡುವುದಿಲ್ಲ. ಇದು ಹೇಗಾಯಿತು?

ಉತ್ತರ ಹುಡುಕಲು ಮೊದಲು ಧ್ವನಿಸುರುಳಿಯ ಕಾಲಕ್ಕೆ ಹೋಗಬೇಕು. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಕ್ಯಾಸೆಟ್‌ನಲ್ಲಿ ಗೀರಿನ ಬದಲು ಕಾಂತಶಕ್ತಿ. ಕಬ್ಬಿಣದ ಆಕ್ಸೈಡ್ ಲೇಪಿಸಿದ ಪಟ್ಟಿಯ ಮೇಲೆ ದನಿಯ ಏರಿಳಿತವೆಲ್ಲ ಕಾಂತತ್ವದ ಏರಿಳಿತವಾಗಿ ಕೂರುತ್ತದೆ. ಕನ್ನಡಕ್ಕೆ ಈ ಪುಟ್ಟ ಪೆಟ್ಟಿಗೆ ಮಾಡಿದ ಉಪಕಾರ ದೊಡ್ಡದು. ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಪುಸ್ತಕ ಮುಟ್ಟದವರ ಮನೆಗೂ ಕವಿತೆ ಹೋಯಿತು. ಆ ಮೇಲೆ ಯಕ್ಷಗಾನ, ಹರಿಕಥೆ, ನಾಟಕ, ದಾಸರ ಪದ ಎಲ್ಲವೂ ಕ್ಯಾಸೆಟ್ ಏರಿದವು.

ಎರಡು ಟೇಪ್‌ರೆಕಾರ್ಡರ್ ಇದ್ದರೆ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಹಾಡು ಇಳಿಸಿಕೊಳ್ಳಬಹುದಿತ್ತು. ಪೋಷಕರಲ್ಲಿ ಅನೇಕರು ಇದನ್ನು ಮಾಡಿದವರೇ. ಆದರೆ ಪ್ರತಿ ನಕಲಿನಲ್ಲೂ ಪಟ್ಟಿಯ ‘ಸ್’ ಎನ್ನುವ ಸದ್ದು ಸ್ವಲ್ಪ ಸೇರುತ್ತಿತ್ತು. ನಕಲಿನ ನಕಲು, ಅದರ ನಕಲು ಎಂದು ನಾಲ್ಕೈದು ಕೈ ದಾಟುವಷ್ಟರಲ್ಲಿ ಗಾಯಕ ಮಳೆಯಲ್ಲಿ ನಿಂತು ಹಾಡಿದಂತೆ ಕೇಳುತ್ತಿತ್ತು. ಕ್ಯಾಸೆಟ್ ಕಂಪೆನಿಗಳಿಗೆ ಅರಿವಿಲ್ಲದೆಯೇ ಸಿಕ್ಕಿದ್ದ ರಕ್ಷಣೆ ಇದು. ಒಳ್ಳೆಯ ದನಿ ಬೇಕೆಂದರೆ ಅಂಗಡಿಗೆ ಹೋಗಿ ಅಸಲಿಯನ್ನೇ ಕೊಳ್ಳಬೇಕಿತ್ತು.

ಡಿಜಿಟಲ್ ವಿಧಾನ ಕಿತ್ತುಹಾಕಿದ್ದು ಈ ರಕ್ಷಣೆಯನ್ನೇ. ಹೇಗೆಂದು ತಿಳಿಯಲು ಶಾಲೆಯ ಉದಾಹರಣೆ ಸಾಕು. ಒಂದು ಚಿತ್ರವನ್ನು ಒಬ್ಬ ಹುಡುಗ ನೋಡಿ ಬರೆಯಲಿ, ಅವನದನ್ನು ನೋಡಿ ಇನ್ನೊಬ್ಬ, ಅವನದನ್ನು ನೋಡಿ ಮತ್ತೊಬ್ಬ. ಹತ್ತನೆಯವನ ಕೈಗೆ ಬರುವಾಗ ಆನೆ ಎಮ್ಮೆಯಾಗಿರುತ್ತದೆ. ಅದೇ ಅಂಕಪಟ್ಟಿಯನ್ನು ಹತ್ತು ಜನ ನಕಲು ಮಾಡಲಿ. ಕೈಬರಹ ಸೊಟ್ಟಗಿರಬಹುದು, ಶಾಯಿ ಬೇರೆಯಿರಬಹುದು, 73 ಮಾತ್ರ 73 ಆಗಿಯೇ ಉಳಿಯುತ್ತದೆ. ದನಿಯನ್ನು ಚಿತ್ರವಾಗಿಡದೆ ಅಂಕಿಯಾಗಿಡುವುದೇ ಡಿಜಿಟಲ್. ಸಾವಿರದನೆಯ ನಕಲೂ ಮೊದಲಿನದರಷ್ಟೇ ಅಸಲಿ.

1982ರ ಅಕ್ಟೋಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್, ಅಂದರೆ ನಮ್ಮ ಸಿ.ಡಿ., ಮಾಡುತ್ತಿದ್ದುದು ಇದನ್ನೇ. ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಈ 12 ಸೆಂಟಿಮೀಟರ್ ಬಿಲ್ಲೆಗಾಗಿ ದನಿಯ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳ ಏಣಿಯಲ್ಲಿ ಎಷ್ಟನೆಯ ಮೆಟ್ಟಿಲು ಎಂದು 16 ಬಿಟ್‌ಗಳಲ್ಲಿ ಬರೆಯುತ್ತಾರೆ. 44,100 ಏಕೆ? ಮನುಷ್ಯನ ಕಿವಿಗೆ ಕೇಳುವ ಅತಿ ಹೆಚ್ಚಿನ ಆವರ್ತಾಂಕ ಸುಮಾರು 20,000. ಯಾವುದೇ ಅಲೆಯನ್ನು ಸರಿಯಾಗಿ ಮರಳಿ ಕಟ್ಟಬೇಕಾದರೆ ಅದರ ಆವರ್ತಾಂಕದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕೆಂಬುದು ನಿಯಮ. ಜೊತೆಗೆ ಆಗಿನ ಕಾಲದಲ್ಲಿ ಡಿಜಿಟಲ್ ದನಿಯನ್ನು ವಿಡಿಯೊ ಟೇಪಿನಲ್ಲಿ ಶೇಖರಿಸುತ್ತಿದ್ದರು, ಟಿ.ವಿ. ಚಿತ್ರದ ಗೆರೆಗಳ ಲೆಕ್ಕಕ್ಕೆ ಈ ಸಂಖ್ಯೆ ಹೊಂದುತ್ತಿತ್ತು. ಗಣಿತ ಇಷ್ಟಪಡುವವರಿಗೆ ಇನ್ನೊಂದು ಮಾತು: ಮೊದಲ ನಾಲ್ಕು ಅವಿಭಾಜ್ಯ ಸಂಖ್ಯೆಗಳಾದ 2, 3, 5, 7ರ ವರ್ಗಗಳನ್ನು ಗುಣಿಸಿ ನೋಡಿ, 44,100 ಬರುತ್ತದೆ.

ಈಗ ಪೆನ್ಸಿಲ್ ಹಿಡಿಯಿರಿ. 44,100ನ್ನು 16ರಿಂದ ಗುಣಿಸಿ, ಎಡ-ಬಲ ಎರಡು ಕಿವಿಗೆಂದು ಮತ್ತೆ 2ರಿಂದ ಗುಣಿಸಿ. ಸೆಕೆಂಡಿಗೆ 14,11,200 ಬಿಟ್. ಐದು ನಿಮಿಷದ ಹಾಡಿಗೆ 42,33,60,000 ಬಿಟ್! ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಆಗಿನ ಫೋನ್ ಸಂಪರ್ಕದ ವೇಗ ಸೆಕೆಂಡಿಗೆ 9,600 ಬಿಟ್. ಭಾಗಿಸಿದರೆ ಒಂದು ಹಾಡು ಬಂದಿಳಿಯಲು 44,100 ಸೆಕೆಂಡು, ಅಂದರೆ 12 ಗಂಟೆ 15 ನಿಮಿಷ. (ಉತ್ತರವಾಗಿ ಅದೇ 44,100 ಬಂದದ್ದು ಬರೀ ಕಾಕತಾಳೀಯ, ಅದರಲ್ಲಿ ಅರ್ಥ ಹುಡುಕಬೇಡಿ.) ರಾತ್ರಿ ಊಟ ಮಾಡಿ ಶುರು ಮಾಡಿದರೆ ಮರುದಿನ ತಿಂಡಿಯ ಹೊತ್ತಿಗೆ ಒಂದು ಹಾಡು. ಅಷ್ಟು ಹೊತ್ತು ಫೋನ್ ಬಿಲ್ಲು ಓಡುತ್ತಲೇ ಇರುತ್ತದೆ. ಇಂಥ ವ್ಯಾಪಾರಕ್ಕೆ ಯಾವ ಕ್ಯಾಸೆಟ್ ಅಂಗಡಿಯವನು ಹೆದರಿಯಾನು?

ಹೆದರಬೇಕಾದ ಸಂಗತಿ ಜರ್ಮನಿಯ ಎರ್ಲಾಂಗನ್ ಎಂಬ ಊರಿನಲ್ಲಿ ಸಿದ್ಧವಾಗುತ್ತಿತ್ತು. ಅಲ್ಲಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡನ್‌ಬುರ್ಗ್ ಮತ್ತು ಅವರ ಸಂಗಡಿಗರು ಕಿವಿಯ ಒಂದು ದೌರ್ಬಲ್ಯವನ್ನು ಬಳಸಿಕೊಂಡರು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ನಡುಮನೆಯ ಪಿಸುಮಾತು ಕೇಳುವುದಿಲ್ಲ. ಪಿಸುಮಾತು ಗಾಳಿಯಲ್ಲಿ ಇರುತ್ತದೆ, ನಮ್ಮ ಪಾಲಿಗೆ ಇರುವುದಿಲ್ಲ. ಹಾಡಿನಲ್ಲೂ ಹಾಗೆಯೇ. ಒಂದು ದೊಡ್ಡ ಸ್ವರ ತನ್ನ ಆಸುಪಾಸಿನ ಸಣ್ಣ ಸ್ವರಗಳನ್ನು ಮುಚ್ಚಿಬಿಡುತ್ತದೆ. ಕೇಳದೇ ಇರುವುದನ್ನು ಬರೆದಿಡುವುದೇಕೆ? ಬಿಟ್ಟುಬಿಟ್ಟರಾಯಿತು! ಹೀಗೆ ಹುಟ್ಟಿದ್ದೇ ಎಂಪಿ3. ಆ ಹೆಸರು ಗೊತ್ತಾದದ್ದು 1995ರಲ್ಲಿ. ಬರೀ ಕೊರಳಿನ ಹಾಡಾದ, ವಾದ್ಯದ ಮರೆಯಿಲ್ಲದ, ಸುಝಾನ್ ವೇಗಾ ಎಂಬ ಅಮೆರಿಕದ ಗಾಯಕಿಯ ‘ಟಾಮ್ಸ್ ಡೈನರ್’ ಎಂಬ ಹಾಡನ್ನು ಬ್ರಾಂಡನ್‌ಬುರ್ಗ್ ಮತ್ತೆ ಮತ್ತೆ ಕೇಳಿ ತಮ್ಮ ವಿಧಾನವನ್ನು ತಿದ್ದಿದರಂತೆ. ವಾದ್ಯಗಳ ಗದ್ದಲದಲ್ಲಿ ಅಡಗುವ ತಪ್ಪು ಒಂಟಿ ಕೊರಳಿನಲ್ಲಿ ಅಡಗುವುದಿಲ್ಲ.

ಸೆಕೆಂಡಿಗೆ 1,28,000 ಬಿಟ್‌ಗಳ ಎಂಪಿ3ಯಲ್ಲಿ ಅದೇ ಐದು ನಿಮಿಷದ ಹಾಡು ಹನ್ನೊಂದನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಹನ್ನೆರಡು ಗಂಟೆಯ ಕೆಲಸ ಒಂದು ಗಂಟೆ ಏಳು ನಿಮಿಷಕ್ಕೆ ಇಳಿಯಿತು. ಫೋನ್ ಸಂಪರ್ಕಗಳೂ ವೇಗ ಪಡೆದುಕೊಂಡವು. ನಕಲು ಕೆಡುವುದಿಲ್ಲ, ಸಾಗಿಸಲು ಖರ್ಚಿಲ್ಲ. ಈ ಎರಡೂ ಒಂದಾದ ದಿನ ಹಾಡು ಮಾರುವವರ ಬುಡವೇ ಅಲುಗಾಡಿತು.

ಅಲುಗಾಡಿಸಿದವನು ಹದಿನೆಂಟರ ಹುಡುಗ. ಶಾನ್ ಫ್ಯಾನಿಂಗ್ ಎಂಬ ಅಮೆರಿಕದ ವಿದ್ಯಾರ್ಥಿ 1999ರಲ್ಲಿ ನ್ಯಾಪ್‌ಸ್ಟರ್ ಎಂಬ ತಂತ್ರಾಂಶ ಹೊರಬಿಟ್ಟ. ನಿಮ್ಮ ಕಂಪ್ಯೂಟರಿನ ಹಾಡು ನನಗೆ, ನನ್ನದು ನಿಮಗೆ. ಮಧ್ಯೆ ಅಂಗಡಿಯೂ ಇಲ್ಲ, ಹಣವೂ ಇಲ್ಲ. ಧ್ವನಿಮುದ್ರಣ ಕಂಪೆನಿಗಳು ನ್ಯಾಯಾಲಯಕ್ಕೆ ಹೋದವು. 2001ರ ಜುಲೈ ಹೊತ್ತಿಗೆ ನ್ಯಾಪ್‌ಸ್ಟರ್ ಬಾಗಿಲು ಹಾಕಿತು, ಆದರೆ ಕಲಿತ ವಿದ್ಯೆಯನ್ನು ಜನ ಮರೆಯಲಿಲ್ಲ. 1999ರಲ್ಲಿ 1,460 ಕೋಟಿ ಡಾಲರ್ ಇದ್ದ ಅಮೆರಿಕದ ಧ್ವನಿಮುದ್ರಣ ಉದ್ಯಮದ ಆದಾಯ 2014ರ ಹೊತ್ತಿಗೆ 700 ಕೋಟಿಯ ಒಳಗೆ ಬಂದಿತ್ತು. ನಮ್ಮಲ್ಲಿ ಕತೆಯ ರೂಪ ಬೇರೆ. ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಗೆ ಮೆಮೊರಿ ಕಾರ್ಡ್ ಕೊಟ್ಟರೆ ರಾಜ್‌ಕುಮಾರ್ ಹಾಡು, ಹೊಸ ಸಿನಿಮಾ ಹಾಡು, ದೇವರ ನಾಮ ಎಲ್ಲ ತುಂಬಿಸಿ ಕೊಡುತ್ತಿದ್ದರು. ಹಾಡಿದವರಿಗೆ, ಬರೆದವರಿಗೆ, ವಾದ್ಯ ನುಡಿಸಿದವರಿಗೆ ಅದರಲ್ಲಿ ಬಿಡಿಗಾಸೂ ಸೇರುತ್ತಿರಲಿಲ್ಲ. ಹುಡುಗರು ಇದನ್ನು ಚಾಣಾಕ್ಷತೆ ಎಂದುಕೊಂಡರೆ ನಾನು ಒಪ್ಪುವುದಿಲ್ಲ. ನಿಮ್ಮಪ್ಪ ಬೆಳೆದ ಟೊಮೆಟೊವನ್ನು ಯಾರಾದರೂ ಹಾಗೆ ತುಂಬಿಕೊಂಡು ಹೋದರೆ ಸುಮ್ಮನಿರುತ್ತೀರಾ?

ವಸ್ತುವನ್ನು ಕಾಯಲಾಗದು ಎಂದು ಗೊತ್ತಾದ ಮೇಲೆ ಉದ್ಯಮ ಬೀಗ ಮಾರಲು ಶುರು ಮಾಡಿತು. ಆಪಲ್ ಕಂಪೆನಿ 2003ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತೆರೆದ ಐಟ್ಯೂನ್ಸ್ ಅಂಗಡಿಯಲ್ಲಿ ಹಾಡಿಗೆ 99 ಸೆಂಟ್. ಕೊಂಡ ಹಾಡಿಗೆ ಗುಪ್ತಲಿಪಿಯ ಬೀಗ. ಗುಪ್ತಲಿಪಿ ಎಂದರೆ ಮಂತ್ರವಲ್ಲ. ಹಾಡಿನ ಅಂಕಿಗಳನ್ನು ಒಂದು ರಹಸ್ಯ ಸಂಖ್ಯೆಯೊಂದಿಗೆ ಕಲಸಿಡುವುದು. ಆ ಸಂಖ್ಯೆ ಇಲ್ಲದವನಿಗೆ ಅದು ಬರೀ ಗೊರಗೊರ. ಜನ ಗೊಣಗಿದರು, 2009ರಲ್ಲಿ ಆಪಲ್ ಹಾಡುಗಳ ಬೀಗ ತೆಗೆಯಿತು. ಅಂದರೆ ಬೀಗ ಹಾಕುವುದು ಭೌತಶಾಸ್ತ್ರದ ನಿಯಮವೇನಲ್ಲ, ಮನುಷ್ಯರ ತೀರ್ಮಾನ. ಅಷ್ಟರಲ್ಲಿ, 2008ರಲ್ಲಿ, ಯುರೋಪಿನಲ್ಲಿ ಸ್ಪಾಟಿಫೈ ಬಂದಿತ್ತು. ಹಾಡು ಕೊಳ್ಳುವುದೇ ಬೇಡ, ತಿಂಗಳ ಬಾಡಿಗೆ ಕಟ್ಟಿ ಕೇಳಿ ಎಂಬ ಪದ್ಧತಿ. ಬಾಡಿಗೆಯ ಜೊತೆ ಬೀಗವೂ ಮರಳಿತು. ನಮ್ಮಲ್ಲಿ 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಮೆಮೊರಿ ಕಾರ್ಡ್ ತುಂಬಿಸುವ ಅಂಗಡಿಗಳಿಗೂ ಕೆಲಸ ಕಡಿಮೆಯಾಯಿತು.

ಸಿನಿಮಾದಲ್ಲಿ ಈ ಬೀಗ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ರೀಲಿನ ಕಾಲದಲ್ಲಿ ಸೆಕೆಂಡಿಗೆ 24 ಚಿತ್ರ, ಒಂದು ಅಡಿ ಫಿಲಂನಲ್ಲಿ 16 ಚಿತ್ರ. ಎರಡೂವರೆ ಗಂಟೆಯ ಸಿನಿಮಾಕ್ಕೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದದ ಪಟ್ಟಿ. ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರ ಕಚೇರಿಗಳಿಂದ ತಗಡಿನ ಪೆಟ್ಟಿಗೆಗಳಲ್ಲಿ ಅದು ಬಸ್ಸು ಹತ್ತಿ ಊರೂರಿಗೆ ಹೋಗುತ್ತಿತ್ತು. ಪ್ರತಿಗಳು ಕೆಲವೇ ಇರುತ್ತಿದ್ದುದರಿಂದ ದೊಡ್ಡ ಊರಿನಲ್ಲಿ ಓಡಿ ಸುಸ್ತಾದ ಮೇಲೆ, ಮೈತುಂಬ ಗೀರು ಹೊತ್ತು, ಟೂರಿಂಗ್ ಟಾಕೀಸಿಗೆ ಬರುತ್ತಿತ್ತು. ಇಂದು ಸಿನಿಮಾ ಹಾರ್ಡ್ ಡಿಸ್ಕ್‌ನಲ್ಲೋ ಉಪಗ್ರಹದ ಮೂಲಕವೋ ಬರುತ್ತದೆ. ಬೆಂಗಳೂರಿನಲ್ಲೂ ತಾಲೂಕು ಕೇಂದ್ರದಲ್ಲೂ ಒಂದೇ ಶುಕ್ರವಾರ, ಒಂದೇ ಹೊಳಪು. ಇದು ನಿಜವಾದ ಲಾಭ, ಅಲ್ಲಗಳೆಯಬಾರದು. ಆದರೆ ಡಿಸ್ಕ್ ಬಂದ ಮಾತ್ರಕ್ಕೆ ಸಿನಿಮಾ ಬಂದಂತಲ್ಲ. ಅದರ ಹಿಂದೆ ಪ್ರತ್ಯೇಕವಾಗಿ ಒಂದು ಡಿಜಿಟಲ್ ಬೀಗದ ಕೈ ಬರಬೇಕು. ಆ ಕೈ ಇಂಥದೇ ಯಂತ್ರದಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ತಿರುಗುತ್ತದೆ. ಅದರ ಸಂಖ್ಯೆ 128 ಬಿಟ್ ಉದ್ದ. ಊಹಿಸಿ ಹುಡುಕುತ್ತೇನೆಂದರೆ ಪರೀಕ್ಷಿಸಬೇಕಾದ ಸಂಖ್ಯೆಗಳ ಎಣಿಕೆಯೇ 39 ಅಂಕಿಗಳಷ್ಟು ಉದ್ದ. ಅವಧಿ ಮುಗಿದ ಮರುಕ್ಷಣ ಡಿಸ್ಕ್ ಕಲ್ಲಿನಂತೆ ಕೂರುತ್ತದೆ.

ಚಿತ್ರಮಂದಿರದವರು ವ್ಯಾಪಾರಿಗಳು, ಕರಾರು ಓದಿಯೇ ಸಹಿ ಹಾಕಿರುತ್ತಾರೆ. ಮನೆಯ ಮಾತು ಹಾಗಲ್ಲ. 2009ರ ಜುಲೈನಲ್ಲಿ ಅಮೆಜಾನ್ ಕಂಪೆನಿ ತನ್ನ ಕಿಂಡಲ್ ಎಂಬ ಓದುವ ಯಂತ್ರಗಳಿಂದ, ಜನ ದುಡ್ಡು ಕೊಟ್ಟು ಕೊಂಡಿದ್ದ ಎರಡು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಅದರ ಹಕ್ಕು ಇರಲಿಲ್ಲವೆಂಬ ಕಾರಣ. ಹಣ ವಾಪಸು ಕೊಟ್ಟಿತು, ಆ ಮೇಲೆ ಕ್ಷಮೆಯನ್ನೂ ಕೇಳಿತು. ಅಳಿಸಿದ ಪುಸ್ತಕಗಳು ಯಾವುವು ಗೊತ್ತೆ? ಜಾರ್ಜ್ ಆರ್ವೆಲ್ ಬರೆದ ‘ಅನಿಮಲ್ ಫಾರ್ಮ್’ ಮತ್ತು ‘1984’. ಸರ್ಕಾರವೊಂದು ದಾಖಲೆಗಳನ್ನು ಅಳಿಸುತ್ತ ಹೋಗುವ ಕತೆ ಈ ಎರಡನೆಯದು! ಆ ಪುಸ್ತಕ ಓದುತ್ತ ಶಾಲೆಯ ಕೆಲಸಕ್ಕೆಂದು ಟಿಪ್ಪಣಿ ಮಾಡಿಕೊಂಡಿದ್ದ ಹುಡುಗನೊಬ್ಬನ ಟಿಪ್ಪಣಿಗಳೂ ಕೆಲಸಕ್ಕೆ ಬಾರದಂತಾದವು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದ ಅಂಗಡಿಯನ್ನೇ ಮುಚ್ಚಿದಾಗ ಕೊಂಡಿದ್ದ ಪುಸ್ತಕಗಳೆಲ್ಲ ಹೋದವು, ಹಣ ಮಾತ್ರ ಮರಳಿತು. ನಮ್ಮ ದೇಶದಲ್ಲೇ 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಆ್ಯಪ್ ಮುಚ್ಚುವುದಾಗಿ ಪ್ರಕಟಿಸಿತು. ಬೀದಿ ಬದಿಯ ಕ್ಯಾಸೆಟ್ ಅಂಗಡಿ ಮುಚ್ಚಿದಾಗ ನಮ್ಮ ಮನೆಯ ಕಪಾಟಿನ ಕ್ಯಾಸೆಟ್‌ಗಳನ್ನು ಯಾರೂ ಎತ್ತಿಕೊಂಡು ಹೋಗಿರಲಿಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನಲಾಗದು. 1934ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದೇ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. ಅದಕ್ಕೆ ಯಾವ ಬೀಗವೂ ಇರಲಿಲ್ಲ. ಆಗಿನ ಫಿಲಂ ಬೇಗ ಕೆಡುವಂಥದು, ಬೇಗ ಹೊತ್ತಿ ಉರಿಯುವಂಥದು. ಜೋಪಾನ ಮಾಡಬೇಕೆಂಬ ಯೋಚನೆಯೂ ಯಾರಿಗೂ ಇರಲಿಲ್ಲ. ಆದರೆ ಇನ್ನೊಂದು ಬದಿ ನೋಡಿ. 2020ರ ಜುಲೈನಲ್ಲಿ, ಕೋವಿಡ್ ದಿನಗಳಲ್ಲಿ, ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಎಂಬ ಕನ್ನಡ ಚಿತ್ರಗಳು ಚಿತ್ರಮಂದಿರಕ್ಕೆ ಬಾರದೆ ನೇರ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದವು. ಹೂಸ್ಟನ್‌ನಲ್ಲಿರುವ ಮಗಳೂ ಹಾಸನದಲ್ಲಿರುವ ತಾಯಿಯೂ ಒಂದೇ ದಿನ ನೋಡುವಂತಾದದ್ದು ಸಣ್ಣ ಮಾತಲ್ಲ. ಆದರೆ ಊರೂರಿಗೆ ಹೋದ ಪೆಟ್ಟಿಗೆಗಳಲ್ಲಿ ಒಂದಾದರೂ ಯಾವುದೋ ಅಟ್ಟದ ಮೇಲೆ ಉಳಿದೀತು ಎಂಬ ಆಸೆಗೆ ಇಂಥ ಬಿಡುಗಡೆಯಲ್ಲಿ ಜಾಗವಿಲ್ಲ.

ಬಾಡಿಗೆಯ ಪದ್ಧತಿ ಹಾಡಿನ ಆಕಾರವನ್ನೂ ಬದಲಿಸುತ್ತಿದೆ. ಸ್ಪಾಟಿಫೈನಲ್ಲಿ ಹಾಡನ್ನು 30 ಸೆಕೆಂಡಾದರೂ ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. ಆದ್ದರಿಂದ ಕೇಳುಗ ಬೆರಳಾಡಿಸಿ ಮುಂದೆ ಹೋಗದಂತೆ ಅವಸರವಾಗಿ ಹಿಡಿದುಕೊಳ್ಳಬೇಕು. ಅಮೆರಿಕದ ಜನಪ್ರಿಯ ಹಾಡುಗಳನ್ನು ಅಳೆದು ನೋಡಿದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು, 1980ರ ದಶಕದ ನಡುವೆ 20 ಸೆಕೆಂಡಿಗೂ ಹೆಚ್ಚಿದ್ದ ಆರಂಭದ ವಾದ್ಯಭಾಗ 2015ರ ಹೊತ್ತಿಗೆ ಸುಮಾರು 5 ಸೆಕೆಂಡಿಗೆ ಇಳಿದಿದೆ ಎಂದು ತೋರಿಸಿದರು. ಗೌಹರ್ ಜಾನ್ ಕೂಡ ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಕುಗ್ಗಿಸಿದವರೇ. ತಟ್ಟೆಯಲ್ಲಿ ಅಷ್ಟೇ ಜಾಗವಿತ್ತು. ಈಗ ಜಾಗಕ್ಕೆ ಬರವಿಲ್ಲ, ಬರ ಬಂದಿರುವುದು ಕೇಳುವವರ ತಾಳ್ಮೆಗೆ. ‘ಪುಕ್ಕಟೆ’ ಎಂದು ಬರುವ ಹಾಡಿಗೂ ವಿಡಿಯೊಗೂ ಜಾಹೀರಾತಿನವರು ಕೊಡುವ ಬೆಲೆ ನಿಮ್ಮ ಮಗ ಪರದೆಯ ಮುಂದೆ ಕೂತ ನಿಮಿಷಗಳದು. ಒಂದು ವಿಡಿಯೊ ಮುಗಿದೊಡನೆ ಮುಂದಿನದು ತಾನಾಗಿಯೇ ಶುರುವಾಗುವ ಏರ್ಪಾಡು ಅದಕ್ಕೇ ಇರುವುದು. ಯೂಟ್ಯೂಬ್‌ನಲ್ಲಿ ಅದನ್ನು ನಿಲ್ಲಿಸುವ ಗುಂಡಿ ಇದೆ. ಪೋಷಕರು ಇಂದೇ ಹುಡುಕಿ ಒತ್ತಬಹುದು.

ಇನ್ನೊಂದು ಕೆಲಸಕ್ಕೂ ತಡ ಮಾಡಬಾರದು. ಅನೇಕ ಮನೆಗಳಲ್ಲಿ ಅಜ್ಜಿ ಹೇಳಿದ ಸೋಬಾನೆ ಪದ, ಮದುವೆಯ ಹಸೆ ಹಾಡು, ತೀರಿಕೊಂಡ ತಾತನ ಮಾತು ಇರುವ ಕ್ಯಾಸೆಟ್‌ಗಳು ಕಪಾಟಿನ ಮೂಲೆಯಲ್ಲಿವೆ. ಅವು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಪಟ್ಟಿಯ ಮೇಲಿನ ಲೇಪ ತೇವಕ್ಕೆ ಬೂಷ್ಟು ಹಿಡಿದು ಉದುರುತ್ತಿದೆ. ಓಡುವ ಟೇಪ್‌ರೆಕಾರ್ಡರ್ ಒಂದನ್ನು ನೆರೆಯಲ್ಲಿ ಹುಡುಕಿ, ಅದರ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ದನಿ ಒಳಹೋಗುವ ತೂತಿಗೆ ಒಂದು ತಂತಿ ಜೋಡಿಸಿದರೆ ಸಾಕು. ದನಿ ಮುದ್ರಿಸುವ ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆ, ಬೀಗವಿಲ್ಲದ್ದು. ಓಡಿಸುವ ಮುನ್ನ ಯಂತ್ರದ ಹೆಡ್ಡನ್ನು ಸ್ಪಿರಿಟ್ ಮುಟ್ಟಿಸಿದ ಹತ್ತಿಯಿಂದ ಒರೆಸಿ. ಬೂಷ್ಟು ಕಂಡ ಕ್ಯಾಸೆಟ್ ಅನ್ನು ಹಾಗೆಯೇ ಹಾಕಬೇಡಿ, ಪಟ್ಟಿ ತುಂಡಾದೀತು. ಎಂಪಿ3ಗೆ ಕುಗ್ಗಿಸದೆ ‘ವೇವ್’ ಎಂಬ ರೂಪದಲ್ಲಿ ಪೂರ್ತಿ ಅಂಕಿಗಳನ್ನೂ ಇಟ್ಟುಕೊಳ್ಳಿ. ಲೆಕ್ಕ ನಿಮಗೆ ಗೊತ್ತೇ ಇದೆ: ಒಂದು ಗಂಟೆಯ ಕ್ಯಾಸೆಟ್‌ಗೆ ಸುಮಾರು 635 ಮೆಗಾಬೈಟ್. 64 ಗಿಗಾಬೈಟಿನ ಪೆನ್‌ಡ್ರೈವ್‌ನಲ್ಲಿ ಐವತ್ತು ಕ್ಯಾಸೆಟ್ ತುಂಬಿದರೂ ಅರ್ಧ ಖಾಲಿ. ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. ಕಡತದ ಹೆಸರಿನಲ್ಲಿ ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂದು ಮರೆಯದೆ ಬರೆಯಿರಿ. ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಹೇಳಿ ಹೋದರು, ನಿಮ್ಮ ಅಜ್ಜಿ ಹೇಳಿರುವುದಿಲ್ಲ.